ಎರೆಮಣ್ಣಿಗೆ ಜಿಂಕ್ ಕೊಡುವಾಗ ಕೊಟ್ಟಿಗೆ ಗೊಬ್ಬರ ಏಕೆ ಬೇಕು

ಸೊಪ್ಪು, ಸೆಗಣಿ, ಬೇರು ಕಳಿತು ಮಣ್ಣಿನಲ್ಲಿ ಉಳಿಯುವ ಕಪ್ಪು ಪದಾರ್ಥವೇ ಹ್ಯೂಮಸ್. ಅದರಲ್ಲಿರುವ ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲಗಳ ಅಣುಗಳಲ್ಲಿ ಕಾರ್ಬಾಕ್ಸಿಲ್, ಫಿನಾಲ್ ಗುಂಪುಗಳು ತುಂಬಿರುತ್ತವೆ. ಹೈಡ್ರೋಜನ್ ಬಿಟ್ಟುಕೊಟ್ಟ ಮೇಲೆ ಈ ಗುಂಪುಗಳಿಗೆ ಋಣ ವಿದ್ಯುದಂಶ ಬರುತ್ತದೆ. ಆಗ ಧನ ವಿದ್ಯುದಂಶವುಳ್ಳ ಸತು (ಜಿಂಕ್), ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಅಲ್ಲಿಗೆ ಬಂದು ಕೂಡಿಕೊಳ್ಳುತ್ತವೆ. ಅಕ್ಕಪಕ್ಕದ ಎರಡು ಗುಂಪುಗಳು ಒಂದೇ ಲೋಹವನ್ನು ಇಕ್ಕಳದಂತೆ ಹಿಡಿದರೆ ಅದು ಕೀಲೇಟ್.

ಹಿಡಿತ ಎಲ್ಲ ಲೋಹಕ್ಕೂ ಒಂದೇ ಸಮನಲ್ಲ. ತಾಮ್ರದ ಮೇಲೆ ಬಲು ಬಿಗಿ, ಸತುವಿನ ಮೇಲೆ ಮಧ್ಯಮ, ಮ್ಯಾಂಗನೀಸ್ ಮೇಲೆ ಸಡಿಲ.

ಉತ್ತರ ಕರ್ನಾಟಕದ ಸುಣ್ಣದಂಶವಿರುವ ಎರೆಭೂಮಿಯಲ್ಲಿ ಈ ಹಿಡಿತದ ಬೆಲೆ ತಿಳಿಯುತ್ತದೆ. ಮಣ್ಣಿನ ರಸಸಾರ (ಪಿಎಚ್) ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರುವ ಸತುವಿನ ಅಯಾನು ಸುಮಾರು ನೂರು ಪಟ್ಟು ಇಳಿಯುತ್ತದೆ. ರಸಸಾರ 8 ದಾಟಿದ ಹೊಲಕ್ಕೆ ಬರಿಯ ಜಿಂಕ್ ಸಲ್ಫೇಟ್ ಎರಚಿದರೆ ಅದರ ಬಹುಪಾಲು ಬೇಗನೆ ಕರಗದ ರೂಪಕ್ಕೆ ತಿರುಗುತ್ತದೆ. ಶೇಂಗಾ ಎಲೆ ಹಳದಿಯಾಗುವುದಕ್ಕೂ ಹಲವು ಸಲ ಇಂಥದೇ ಕಾರಣ: ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದ್ದರೂ ಬೇರಿಗೆ ಎಟುಕುವುದಿಲ್ಲ. ಫುಲ್ವಿಕ್ ಆಮ್ಲದ ಅಣು ಚಿಕ್ಕದು, ಯಾವ ರಸಸಾರದಲ್ಲೂ ಕರಗುತ್ತದೆ. ಅದು ಹಿಡಿದ ಲೋಹ ಮಣ್ಣಿನ ನೀರಿನೊಡನೆ ಬೇರಿನವರೆಗೆ ಸಾಗುತ್ತದೆ. ಬೇರು ಸತುವನ್ನು ಹೀರಿದಷ್ಟೂ ಕೀಲೇಟ್ ಇನ್ನಷ್ಟು ಬಿಡುತ್ತದೆ.

ಆದ್ದರಿಂದ ಎಕರೆಗೆ ಶಿಫಾರಸಾದ ಜಿಂಕ್ ಸಲ್ಫೇಟನ್ನು (ಸಾಮಾನ್ಯವಾಗಿ 10 ಕಿಲೋ) ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವ ಆರದಂತೆ ಕೆಲವು ವಾರ ನೆರಳಿನಲ್ಲಿಟ್ಟು ಹಾಕುವುದು ಲೇಸು. ಡಿಎಪಿ, ಸೂಪರ್ ಫಾಸ್ಫೇಟ್ ಜೊತೆ ಬೆರೆಸಬಾರದು; ರಂಜಕದೊಡನೆ ಸೇರಿ ಸತು ಕಟ್ಟಿಕೊಳ್ಳುತ್ತದೆ. ಮಣ್ಣು ಪರೀಕ್ಷೆಯಲ್ಲಿ ಡಿಟಿಪಿಎ ದ್ರಾವಣಕ್ಕೆ ಬರುವ ಸತು 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸುವುದು ವಾಡಿಕೆ.

ಅಂಗಡಿಯ ಹ್ಯೂಮಿಕ್ ಪುಡಿ ಕೊಟ್ಟಿಗೆ ಗೊಬ್ಬರಕ್ಕೆ ಬದಲಿಯಲ್ಲ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಸಾವಯವ ಇಂಗಾಲ ಶೇ. 0.5 ಇದ್ದರೂ ಅದು 4,500 ಕಿಲೋ ಆಯಿತು. ಅದರ ಮುಂದೆ ಒಂದೆರಡು ಕಿಲೋ ಪುಡಿ ಎಷ್ಟರದು!

ಅತಿ ಬಿಗಿಯಾದ ಹಿಡಿತದಿಂದ ತೊಂದರೆಯೂ ಉಂಟು. ಯುರೋಪಿನ ಪೀಟ್ ಭೂಮಿಗಳನ್ನು ಸಾಗುವಳಿಗೆ ತಂದಾಗ ಧಾನ್ಯದ ಬೆಳೆಗಳು ತಾಮ್ರವಿಲ್ಲದೆ ಸೊರಗಿದವು. ಮಲೆನಾಡಿನ ಅಡಿಕೆ ತೋಟದಲ್ಲಿ ಅದೇ ಹಿಡಿತ ಬೇರನ್ನು ಕಾಯುತ್ತದೆ. ಕೊಳೆರೋಗಕ್ಕೆ ಸಿಂಪಡಿಸಿದ ಬೋರ್ಡೋ ದ್ರಾವಣದ ತಾಮ್ರ ವರ್ಷವರ್ಷವೂ ಮಣ್ಣಿಗೆ ಬೀಳುತ್ತದೆ. ಹ್ಯೂಮಸ್ ಅದನ್ನು ಮೇಲ್ಪದರದಲ್ಲೇ ಕಟ್ಟಿಡುತ್ತದೆ. ಮಣ್ಣು ಹುಳಿಯಾದಂತೆ ಈ ಕಟ್ಟು ಸಡಿಲವಾಗುವುದರಿಂದ ಅಂಥ ತೋಟಕ್ಕೆ ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಕೊಡಬೇಕು.