ಆರೋಗ್ಯ ಅಂಕಿಅಂಶಗಳ ಕೋಷ್ಟಕ, ನಕ್ಷೆ: ಮಾಡಬೇಕಾದ್ದು, ಮಾಡಬಾರದ್ದು

ಪ್ರಾಥಮಿಕ ಆರೋಗ್ಯ ಕೇಂದ್ರದ ವಾರ್ಷಿಕ ವರದಿ, ತಾಲೂಕು ಪರಿಶೀಲನಾ ಸಭೆಯ ಸ್ಲೈಡು, ಸಮುದಾಯ ವೈದ್ಯಶಾಸ್ತ್ರದ ಪ್ರಬಂಧ, ಪತ್ರಿಕೆಗೆ ಕಳಿಸುವ ಲೇಖನ, ಯಾವುದೇ ಇರಲಿ: ಎರಡು ಅಂಶಗಳ ನಡುವೆ ಸಂಬಂಧವಿದೆ ಎಂದು ತೋರಿಸಹೊರಟ ಎಲ್ಲರಿಗೂ ಈ ಸೂಚನೆ ಅನ್ವಯಿಸುತ್ತದೆ. ಎಷ್ಟು ಲಸಿಕೆ ಹಾಕಿದ್ದಾಯಿತು, ಎಷ್ಟು ಹೆರಿಗೆ ಆಯಿತು ಎಂಬ ಬರೀ ಎಣಿಕೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಒಂದು ವಾಕ್ಯ ಸಾಕು, ಬಣ್ಣದ ಚಿತ್ರ ಬೇಕಿಲ್ಲ.

ಮಾಡಬೇಕಾದ್ದು

ಛೇದವನ್ನು ಬರೆಯಲೇಬೇಕು. ಲಂಡನ್ನಿನ ವೈದ್ಯ ಜಾನ್ ಸ್ನೋ ಎಂದರೆ ಎಲ್ಲರಿಗೂ ನೆನಪಾಗುವುದು ಬ್ರಾಡ್ ಸ್ಟ್ರೀಟಿನ ನೀರಿನ ಪಂಪು ಮತ್ತು ಆತ ಬರೆದ ಬೀದಿ ನಕ್ಷೆ. ಕಾಲರಾ ನೀರಿನಿಂದ ಹರಡುತ್ತದೆ ಎಂಬ ಆತನ ವಾದದ ನಿಜವಾದ ಬಲ ಇರುವುದು 1855ರ ಪುಸ್ತಕದ ಮೂರು ಸಾಲಿನ ಈ ಕೋಷ್ಟಕದಲ್ಲಿ. 1854ರ ಕಾಲರಾ ಸಾವುಗಳನ್ನು ಮನೆಗೆ ನೀರು ಕೊಡುತ್ತಿದ್ದ ಕಂಪನಿಯ ಪ್ರಕಾರ ಇಲ್ಲಿ ವಿಂಗಡಿಸಲಾಗಿದೆ:

| ನೀರಿನ ಮೂಲ | ಮನೆಗಳು | ಕಾಲರಾ ಸಾವು | 10,000 ಮನೆಗೆ ಸಾವು |
|---|---|---|---|
| ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ | 40,046 | 1,263 | 315 |
| ಲ್ಯಾಂಬೆತ್ ಕಂಪನಿ | 26,107 | 98 | 37 |
| ಲಂಡನ್ನಿನ ಉಳಿದ ಭಾಗ | 2,56,423 | 1,422 | 59 (ಸ್ನೋ ಬರೆದಂತೆ; ಭಾಗಿಸಿದರೆ 55) |

ಮೂರನೆಯ ಕಂಬಸಾಲನ್ನಷ್ಟೇ ನೋಡಿ. ಅತಿ ಹೆಚ್ಚು ಸಾವು ಲಂಡನ್ನಿನ ಉಳಿದ ಭಾಗದಲ್ಲಿ. ಅಪರಾಧಿ ಕಂಪನಿ ಎರಡನೇ ಸ್ಥಾನದಲ್ಲಿ ಹಾಯಾಗಿ ಕೂತಿದೆ. ಮನೆಗಳ ಸಂಖ್ಯೆಯಿಂದ ಭಾಗಿಸಿದ ಮೇಲೆ ಚಿತ್ರ ತಿರುವುಮುರುವಾಗುತ್ತದೆ. ಲ್ಯಾಂಬೆತ್ ಕಂಪನಿ 1852ರಲ್ಲೇ ತನ್ನ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ, ಊರಿನ ಕೊಳಚೆ ತಲುಪದ ಕಡೆಗೆ ಸಾಗಿಸಿತ್ತು. ಇನ್ನೊಂದು ಕಂಪನಿ ಕೊಳಚೆ ಬೆರೆತ ನೀರನ್ನೇ ಎತ್ತುತ್ತಿತ್ತು. ಎಷ್ಟೋ ಬೀದಿಗಳಲ್ಲಿ ಎರಡರ ಕೊಳವೆಗಳೂ ಅಕ್ಕಪಕ್ಕ ಹಾದುಹೋಗಿದ್ದವು. ಇದಕ್ಕಿಂತ ಒಳ್ಳೆಯ ಹೋಲಿಕೆ ಹುಡುಕಿದರೂ ಸಿಗದು. ನಿಮ್ಮ ವರದಿಯ ಪ್ರತಿ ದರದ ಪಕ್ಕದಲ್ಲಿ ಅದು ಯಾವುದಕ್ಕೆ ಎಷ್ಟು ಎಂದು ಇರತಕ್ಕದ್ದು: ಶಿಶು ಮರಣಕ್ಕೆ 1,000 ಜೀವಂತ ಜನನ, ತಾಯಿ ಮರಣಕ್ಕೆ 1,00,000 ಜೀವಂತ ಜನನ.

ಶೇಕಡಾ ಲೆಕ್ಕದ ದಿಕ್ಕು ಸರಿಯಿರಲಿ. ಕಾರಣವೆಂದು ನೀವು ಶಂಕಿಸುವ ಅಂಶವನ್ನು ಅಡ್ಡಸಾಲಿನಲ್ಲೂ ಫಲಿತಾಂಶವನ್ನು ಕಂಬಸಾಲಿನಲ್ಲೂ ಇಟ್ಟು, ಪ್ರತಿ ಅಡ್ಡಸಾಲಿನ ಮೊತ್ತ 100 ಆಗುವಂತೆ ಲೆಕ್ಕ ಹಾಕಿ. ಇದು ರೂಢಿ. ಆದರೆ ರೋಗಿಗಳನ್ನೂ ರೋಗವಿಲ್ಲದವರನ್ನೂ ಮೊದಲೇ ಆರಿಸಿಕೊಂಡು ಮಾಡಿದ ಅಧ್ಯಯನದಲ್ಲಿ ಈ ರೂಢಿ ಮುರಿಯಬೇಕು. 1950ರಲ್ಲಿ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ ಗಂಡಸರು 649, ಹೋಲಿಕೆಗೆ ಬೇರೆ ಕಾಯಿಲೆಯ ಗಂಡಸರು 649. ಧೂಮಪಾನ ಮಾಡದವರು ಮೊದಲ ಗುಂಪಿನಲ್ಲಿ 2, ಎರಡನೆಯದರಲ್ಲಿ 27. ಈಗ ಯಾರಾದರೂ ಧೂಮಪಾನಿಗಳನ್ನೆಲ್ಲ ಒಟ್ಟುಗೂಡಿಸಿ, 1,269 ಮಂದಿಯಲ್ಲಿ 647 ಮಂದಿಗೆ ಕ್ಯಾನ್ಸರ್, ಅಂದರೆ ಬೀಡಿ ಸಿಗರೇಟು ಸೇದುವವರಲ್ಲಿ ಅರ್ಧದಷ್ಟು ಮಂದಿಗೆ ಕ್ಯಾನ್ಸರ್ ಎಂದು ಬರೆದರೆ? ಕೂಡು ಲೆಕ್ಕ ಸರಿ, ಮಾತು ಶುದ್ಧ ಸುಳ್ಳು. ರೋಗಿಗಳಿಗೆ ಸರಿಸಮನಾಗಿ ಇತರರನ್ನು ಆರಿಸಿದ್ದು ಸಂಶೋಧಕರೇ ಆದ್ದರಿಂದ ಆ ಅರ್ಧ ಅವರ ಆಯ್ಕೆಯಿಂದ ಹುಟ್ಟಿದ್ದು, ತಂಬಾಕಿನಿಂದಲ್ಲ. ಇಲ್ಲಿ ಶೇಕಡಾ ಹಾಕಬೇಕಾದ್ದು ರೋಗದ ಕಡೆಯಿಂದ: ಧೂಮಪಾನ ಮಾಡದವರು ರೋಗಿಗಳಲ್ಲಿ ಶೇ 0.3, ಉಳಿದವರಲ್ಲಿ ಶೇ 4.2. ಅಂಕಿ ಹೇಗೆ ಸಂಗ್ರಹವಾಯಿತೆಂದು ಗೊತ್ತಿಲ್ಲದವರು ಕೋಷ್ಟಕಕ್ಕೆ ಕೈ ಹಾಕಕೂಡದು.

ಎರಡೂ ಅಳತೆಗಳೇ ಆಗಿದ್ದರೆ ಮೊದಲು ಚುಕ್ಕಿ ಇಡಿ. ವಯಸ್ಸು ಮತ್ತು ರಕ್ತದೊತ್ತಡ, ತೂಕ ಮತ್ತು ಸಕ್ಕರೆ ಅಂಶ, ಇಂಥವನ್ನು ಗುಂಪುಗಳಾಗಿ ಕತ್ತರಿಸುವ ಮೊದಲು ಪ್ರತಿ ವ್ಯಕ್ತಿಗೊಂದು ಚುಕ್ಕಿಯಂತೆ ಹರಡಿ ನೋಡಿ. ಸಹಸಂಬಂಧಾಂಕ ಆಮೇಲೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕಂಬ್ 1973ರಲ್ಲಿ ಹನ್ನೊಂದು ಹನ್ನೊಂದು ಚುಕ್ಕಿಗಳ ನಾಲ್ಕು ಗುಂಪು ಕಟ್ಟಿ ತೋರಿಸಿದ. ನಾಲ್ಕರಲ್ಲೂ ಸರಾಸರಿ ಒಂದೇ, ಸಹಸಂಬಂಧಾಂಕ 0.82 ಒಂದೇ, ಚಿತ್ರ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಚುಕ್ಕಿ ಇಟ್ಟವರಿಗೆ ಇನ್ನೊಂದು ಲಾಭವೂ ಇದೆ. ರಕ್ತದೊತ್ತಡದ ಚುಕ್ಕಿಗಳೆಲ್ಲ 120, 130, 140ರ ನೇರಕ್ಕೆ ಸಾಲುಗಟ್ಟಿ ನಿಂತಿದ್ದರೆ, ಕಾಣುತ್ತಿರುವುದು ಊರಿನವರ ರಕ್ತದೊತ್ತಡವಲ್ಲ, ಅಳೆದವರು ಕೊನೆಯ ಅಂಕಿಯನ್ನು ಸೊನ್ನೆಗೆ ಸರಿಹೊಂದಿಸಿ ಬರೆದ ಅಭ್ಯಾಸ. ಸರಾಸರಿಯ ಕಂಬ ಇದನ್ನು ಎಂದೂ ಬಿಟ್ಟುಕೊಡುವುದಿಲ್ಲ.

ಮೂರನೆಯ ಅಂಶದಿಂದ ಒಡೆದು ನೋಡಿ, ಒಡೆದದ್ದನ್ನೇ ಮುದ್ರಿಸಿ. ಮೂತ್ರಪಿಂಡದ ಕಲ್ಲಿನ ಬಗ್ಗೆ 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಂಕಿಗಳನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಬರೆದು ನೋಡತಕ್ಕದ್ದು. ದೇಹವನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆ 350 ಮಂದಿಯಲ್ಲಿ 273 ಮಂದಿಗೆ ಫಲಿಸಿತ್ತು, ಶೇ 78. ಚರ್ಮದ ಮೂಲಕ ಸಣ್ಣ ರಂಧ್ರ ಮಾಡಿ ಕಲ್ಲು ತೆಗೆಯುವ ವಿಧಾನ 350ರಲ್ಲಿ 289 ಮಂದಿಗೆ, ಶೇ 83. ರಂಧ್ರದ ವಿಧಾನವೇ ಗೆದ್ದಿತು ಅನ್ನುವಿರಾ? ಕಲ್ಲಿನ ಗಾತ್ರದಿಂದ ಒಡೆಯಿರಿ. ಸಣ್ಣ ಕಲ್ಲಿನವರಲ್ಲಿ ತೆರೆದ ಶಸ್ತ್ರಚಿಕಿತ್ಸೆ 87ರಲ್ಲಿ 81, ಶೇ 93. ರಂಧ್ರದ್ದು 270ರಲ್ಲಿ 234, ಶೇ 87. ದೊಡ್ಡ ಕಲ್ಲಿನವರಲ್ಲಿ 263ರಲ್ಲಿ 192, ಶೇ 73. ರಂಧ್ರದ್ದು 80ರಲ್ಲಿ 55, ಶೇ 69. ಎರಡು ಕಡೆಯೂ ಸೋತ ವಿಧಾನ ಒಟ್ಟು ಲೆಕ್ಕದಲ್ಲಿ ಗೆದ್ದಿದೆ. ಕಷ್ಟದ ದೊಡ್ಡ ಕಲ್ಲುಗಳು ಹೆಚ್ಚಾಗಿ ತೆರೆದ ಶಸ್ತ್ರಚಿಕಿತ್ಸೆಯ ಪಾಲಿಗೆ ಬಂದಿದ್ದವು, ಅಷ್ಟೇ. ಜಿಲ್ಲಾ ಆಸ್ಪತ್ರೆಯ ಸಾವಿನ ಪ್ರಮಾಣವನ್ನು ತಾಲೂಕು ಆಸ್ಪತ್ರೆಯ ಪ್ರಮಾಣದ ಪಕ್ಕ ಇಟ್ಟು ಛೀಮಾರಿ ಹಾಕುವ ಮುನ್ನ, ಗಂಭೀರ ರೋಗಿಗಳನ್ನು ಯಾರು ಯಾರ ಕಡೆಗೆ ಕಳಿಸಿದರು ಎಂದು ಕೇಳಿ.

ರೋಗದ ಕಾಲಕ್ಕೆ ತಕ್ಕಂತೆ ಅಡ್ಡ ಅಕ್ಷ ಹಾಕಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಕಾಲ ಸುಮಾರು ಡಿಸೆಂಬರಿನಿಂದ ಮೇ ತನಕ. ಜನವರಿಯಿಂದ ಡಿಸೆಂಬರ್ ಎಂದು ಅಕ್ಷ ಹಾಕಿದರೆ ಒಂದೇ ಹಂಗಾಮು ಎರಡು ತುಂಡಾಗಿ ನಕ್ಷೆಯ ಎರಡು ತುದಿಗೆ ಬೀಳುತ್ತದೆ. ಜುಲೈನಿಂದ ಜೂನ್ ಎಂದು ಹಾಕಿ. ಮಂಗಗಳ ಸಾವನ್ನು ಮೇಲಿನ ನಕ್ಷೆಯಲ್ಲೂ ಮನುಷ್ಯರ ಪ್ರಕರಣಗಳನ್ನು ಅದರ ಕೆಳಗೆ ಅದೇ ಅಕ್ಷದ ಮೇಲೂ ಇಟ್ಟರೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಕಣ್ಣಿಗೇ ಕಾಣುತ್ತದೆ.

ಖಾಲಿ ಕೋಶ ಬಿಡಬೇಡಿ. ಪ್ರಕರಣ ಇಲ್ಲದಿದ್ದರೆ 0 ಎಂದು, ವರದಿಯೇ ಬಾರದಿದ್ದರೆ ‘ವರದಿ ಇಲ್ಲ’ ಎಂದು ಬರೆಯಿರಿ. ಡೆಂಗಿ ಇಲ್ಲದ ಊರು ಬೇರೆ, ಡೆಂಗಿ ಪರೀಕ್ಷೆ ಮಾಡದ ಊರು ಬೇರೆ. ರಕ್ತಹೀನತೆಯ ಕೋಷ್ಟಕದ ಅಡಿಯಲ್ಲಿ ಯಾವ ಮಿತಿ ಬಳಸಿದಿರಿ ಎಂದೂ ಇರಲಿ: ಗರ್ಭಿಣಿಯರಿಗೆ ಡೆಸಿಲೀಟರಿಗೆ 11 ಗ್ರಾಂ, ಗರ್ಭಿಣಿಯಲ್ಲದ ಮಹಿಳೆಯರಿಗೆ 12 ಗ್ರಾಂ ಹಿಮೋಗ್ಲೋಬಿನ್.

ಮಾಡಬಾರದ್ದು

ಕಂಬಗಳ ಬುಡ ಕತ್ತರಿಸಕೂಡದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ರಕ್ತಹೀನತೆ ಇರುವ 15ರಿಂದ 49 ವಯಸ್ಸಿನ ಮಹಿಳೆಯರು 2015–16ರಲ್ಲಿ ಶೇ 44.8, 2019–21ರಲ್ಲಿ ಶೇ 47.8. ಲಂಬ ಅಕ್ಷವನ್ನು 44ರಿಂದ ಆರಂಭಿಸಿದರೆ ಎರಡನೆಯ ಕಂಬ ಮೊದಲನೆಯದರ ಸುಮಾರು ಐದು ಪಟ್ಟು ಎತ್ತರ ಕಾಣುತ್ತದೆ. ಕಂಬ ಯಾವಾಗಲೂ ಸೊನ್ನೆಯಿಂದ ಏಳಬೇಕು. ಮೂರು ಶೇಕಡಾ ಅಂಶಗಳ ಏರಿಕೆ ಚಿಂತೆಯ ಸಂಗತಿಯೇ. ಅದನ್ನು ವಾಕ್ಯದಲ್ಲಿ ಹೇಳಿ.

ಎಡಕ್ಕೊಂದು ಬಲಕ್ಕೊಂದು ಲಂಬ ಅಕ್ಷ ಬೇಡ. ಎರಡು ಅಳತೆಪಟ್ಟಿ ಕೈಯಲ್ಲಿದ್ದರೆ ಯಾವ ಎರಡು ಗೆರೆಗಳನ್ನು ಬೇಕಾದರೂ ಒಂದರ ಮೇಲೊಂದು ಕೂರಿಸಬಹುದು.

ಪೈ ಚಾರ್ಟ್ ಸಂಬಂಧ ತೋರಿಸುವುದಿಲ್ಲ. ಐದು ತಾಲೂಕಿಗೆ ಐದು ಪೈ ಅಂಟಿಸಿ ತರುವವರಿಗೆ ವಿಶೇಷವಾಗಿ ಈ ಮಾತು. ಉಬ್ಬಿ ನಿಂತ ತ್ರೀಡಿ ಕಂಬಗಳಿಗೂ ಪ್ರವೇಶವಿಲ್ಲ. ಕೆಂಪು ಹಸಿರು ಬಣ್ಣಗಳನ್ನೇ ನೆಚ್ಚಿಕೊಳ್ಳಬೇಡಿ. ನಿಮ್ಮ ವರದಿ ಕಪ್ಪುಬಿಳುಪು ಜೆರಾಕ್ಸ್ ಆಗಿಯೇ ಊರೂರಿಗೆ ಹೋಗುವುದು, ಅಲ್ಲಿ ಎರಡೂ ಒಂದೇ ಬೂದಿ ಬಣ್ಣ.

ಕಾಲದ ಓಟವಿಲ್ಲದ ಕಡೆ ಗೆರೆ ಎಳೆಯಕೂಡದು. ಅಂಗನವಾಡಿ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ಮಗುವಿನ ತಿಂಗಳ ತೂಕಕ್ಕೆ ಚುಕ್ಕಿ ಇಟ್ಟು ಕೂಡಿಸುತ್ತಾಳೆ. ಮಗು ಒಂದೇ, ಕಾಲ ಸಾಗುತ್ತಿದೆ, ಆದ್ದರಿಂದ ಆ ಗೆರೆಗೆ ಅರ್ಥವಿದೆ. ಸೊರಬದ ಚುಕ್ಕಿಯಿಂದ ಶಿಕಾರಿಪುರದ ಚುಕ್ಕಿಗೆ ಗೆರೆ ಎಳೆದರೆ ಅದರ ನಡುವೆ ಯಾವ ತಾಲೂಕೂ ಇಲ್ಲ. ಕಾಲದ ಕ್ರಮವನ್ನಂತೂ ಮುಟ್ಟಲೇಬೇಡಿ. 2020ರ ಮೇ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆಯ ಕೋವಿಡ್ ನಕ್ಷೆಯೊಂದರಲ್ಲಿ ದಿನಾಂಕಗಳು ಹಿಂದುಮುಂದಾಗಿದ್ದವು. ಎತ್ತರದ ಕಂಬ ಮೊದಲು, ಗಿಡ್ಡದ್ದು ಕೊನೆಗೆ. ಸೋಂಕು ದಿನೇದಿನೇ ಇಳಿದಂತೆ ಕಂಡಿತು. ಟೀಕೆ ಬಂದ ಮೇಲೆ ಸರಿಪಡಿಸಿದರು.

ಪ್ರದೇಶದ ಚುಕ್ಕಿಯನ್ನು ಮನುಷ್ಯನ ಚುಕ್ಕಿ ಎಂದು ಓದಬೇಡಿ. 2012ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ 23 ದೇಶಗಳ ಚಾಕೊಲೇಟ್ ಸೇವನೆಗೂ ನೊಬೆಲ್ ಪ್ರಶಸ್ತಿಗಳ ಪ್ರಮಾಣಕ್ಕೂ 0.79ರ ಸಹಸಂಬಂಧ ತೋರಿಸಿದ ನಕ್ಷೆ ಬಂತು. ಪ್ರಶಸ್ತಿ ಪಡೆದವರು ಚಾಕೊಲೇಟ್ ತಿಂದಿದ್ದರೇ ಎಂದು ಆ ಅಂಕಿಗಳು ಹೇಳುವುದಿಲ್ಲ. ನಗುವವರು ನಗಲಿ, ಆದರೆ ಸಾಕ್ಷರತೆ ಹೆಚ್ಚಿರುವ ತಾಲೂಕಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂಬ ನಿಮ್ಮ ಸ್ಲೈಡೂ ಅದೇ ಜಾತಿಯದು. ಒಂದೇ ಸಲದ ಸಮೀಕ್ಷೆಯ ನಕ್ಷೆಗೆ ‘ಪರಿಣಾಮ’ ಎಂಬ ಶೀರ್ಷಿಕೆ ಕೊಡಕೂಡದು. ‘ತಾಯಿಯ ಓದು ಮತ್ತು ಮಗುವಿನ ಎತ್ತರ’ ಎಂದಿಷ್ಟೇ ಇರಲಿ.

ಸಣ್ಣ ಸಂಖ್ಯೆಗೆ ಶೇಕಡಾ ತೊಡಿಸಬೇಡಿ. ಹೋದ ವರ್ಷ ಎರಡು ಸಾವು, ಈ ವರ್ಷ ಮೂರು. ಇದನ್ನು ‘ಶೇ 50 ಏರಿಕೆ’ ಎಂದು ಬರೆದ ವರದಿಯನ್ನು ತಿದ್ದಲು ಹಿಂದಿರುಗಿಸಲಾಗುವುದು.

ಕೊನೆಯದಾಗಿ, ಕೋಷ್ಟಕ ಯಾರ ಗುಟ್ಟನ್ನೂ ಹೊರಹಾಕಬಾರದು. ಗ್ರಾಮ, ವಯಸ್ಸು, ಲಿಂಗ, ಕಸುಬು ಎಂದು ಒಡೆಯುತ್ತ ಹೋದಂತೆ ಒಂದು ಕೋಶದಲ್ಲಿ 1 ಎಂಬ ಅಂಕಿ ಉಳಿಯುತ್ತದೆ, ಆ ಒಬ್ಬರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಎಚ್‌ಐವಿ ಇರುವವರ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು 2017ರ ಕಾಯ್ದೆಯೇ ಇದೆ. ಕ್ಷಯ, ಕುಷ್ಠ, ಮಾನಸಿಕ ಕಾಯಿಲೆಗಳ ಕೋಷ್ಟಕಕ್ಕೂ ಅದೇ ಎಚ್ಚರ ಬೇಕು. ಅಂಥ ಕೋಶಗಳನ್ನು ಪಕ್ಕದ ವಯೋಗುಂಪಿನೊಂದಿಗೆ ಅಥವಾ ಪಕ್ಕದ ಗ್ರಾಮದೊಂದಿಗೆ ಸೇರಿಸಿ. ಬರೀ ಆ ಒಂದು ಅಂಕಿ ಅಳಿಸಿ ಒಟ್ಟು ಮೊತ್ತವನ್ನು ಹಾಗೇ ಬಿಟ್ಟರೆ ಕಳೆಯುವ ಲೆಕ್ಕ ಬರುವ ಯಾರಾದರೂ ಅದನ್ನು ಪತ್ತೆ ಹಚ್ಚುತ್ತಾರೆ. ಆದ್ದರಿಂದ ಅಳಿಸುವುದೇ ಆದರೆ ಅದೇ ಸಾಲಿನ ಇನ್ನೊಂದು ಕೋಶವನ್ನೂ ಮರೆಮಾಡಿ, ಹಾಗೆ ಮಾಡಿದ್ದೀರೆಂದು ಅಡಿಟಿಪ್ಪಣಿ ಹಾಕಿ.