ಮನೆಯೊಳಗಿನ ಮುಂದಾಳುತನ

ಮುಂದಾಳುತನವೆಂದೊಡನೆ ಸಭೆ, ವೇದಿಕೆ, ಹೂಮಾಲೆಗಳು ನಮ್ಮ ಕಣ್ಣಮುಂದೆ ಬಂದು ನಿಲ್ಲುತ್ತವೆ. ‘ನಾನೊಬ್ಬ ಸಾಮಾನ್ಯ ಗೃಹಸ್ಥ; ನನಗೇತರ ಮುಂದಾಳುತನ?’ ಎಂದು ಸದ್ಭಕ್ತರು ಕೇಳುವುದುಂಟು. ಮೊದಲು ಶಬ್ದವನ್ನೇ ವಿಚಾರಿಸೋಣ. ‘ನಾಯಕ’ ಎಂಬುದು ‘ನೀ’ ಧಾತುವಿನಿಂದ ಹುಟ್ಟಿದ ಪದ. ಕರೆದೊಯ್ಯುವುದೆಂದು ಆ ಧಾತುವಿನ ಅರ್ಥ. ನೀತಿ, ನಯ, ನೇತ್ರ ಎಂಬ ಪದಗಳೂ ಅದರಿಂದಲೇ ಬಂದವು. ಗದ್ದುಗೆಯ ಸುಳಿವು ಇವುಗಳಲ್ಲಿ ಎಲ್ಲಿಯೂ ಇಲ್ಲ. ಕಂಡು, ನಯದಿಂದ, ನೀತಿಯ ಕಡೆಗೆ ಕರೆದೊಯ್ಯಬಲ್ಲವನು ಎಲ್ಲಿದ್ದರೂ ನಾಯಕನೇ.

ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರಿಗಿಂತ ಮಿಗಿಲಾದ ನಿದರ್ಶನವನ್ನು ನಾನರಿಯೆ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಬಂದ ಈ ಬಡ ದಂಪತಿಗಳ ಕಥೆ ಎಲ್ಲರಿಗೂ ವಿದಿತವಾದುದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಟ್ಟು ಜಂಗಮ ದಾಸೋಹ ನಡೆಸುವುದು ಲಕ್ಕಮ್ಮನವರ ವ್ರತ. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಹೆಚ್ಚಿನದನ್ನು ಒಳಗೆ ಬರಗೊಡದೆ, ತಂದಲ್ಲಿಯೇ ಸುರಿದು ಬರುವಂತೆ ತಿಳಿಸಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ತುಸು ನಿಂತು ನೋಡಬೇಕು. ಅಕ್ಕಿ ಕದ್ದದ್ದಲ್ಲ, ಆಯ್ದದ್ದು. ಹಿಂದಿರುಗಿಸಿದರೆ ಬರಿದಾಗುವುದು ಲಕ್ಕಮ್ಮನವರದೇ ಮಡಕೆ. ಆ ನಷ್ಟಕ್ಕೆ ತಾವೇ ಮೊದಲು ಒಪ್ಪಿ ನುಡಿದುದರಿಂದಲೇ ಅವರ ಮಾತಿಗೆ ತೂಕ ಬಂದಿತು. ನಾವಾದರೋ ಮಗನಿಗೆ ಮಿತವ್ಯಯವನ್ನು ಬೋಧಿಸಿ, ಮದುವೆಯ ಮನೆಯಲ್ಲಿ ನೆರೆಯವರ ಕಣ್ಣು ಕುಕ್ಕುವಂತೆ ಖರ್ಚು ಮಾಡುತ್ತೇವೆ. ಆಮೇಲೆ ಮಕ್ಕಳು ಮಾತು ಕೇಳುವುದಿಲ್ಲವೆಂದು ಮಠಕ್ಕೆ ಬಂದು ದೂರುತ್ತೇವೆ! ಇನ್ನೊಂದು ಸಂಗತಿ. ಅವರು ಪತಿಯನ್ನು ತಿದ್ದಿದ್ದು ತಮ್ಮ ಹೊಸ್ತಿಲಲ್ಲಿ, ಮಹಾಮನೆಯ ಅಂಗಳದಲ್ಲಿ ನಾಲ್ವರ ಮುಂದೆ ಅಲ್ಲ. ಅದೇ ನಯ.

ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತಿದ್ದಾಗಲೂ ಕಾಯಕ ನಿಂತುದನ್ನು ನೆನಪಿಸಿದವರು ಲಕ್ಕಮ್ಮನವರೇ. ಗೋಷ್ಠಿಯೇನು ಕೆಟ್ಟದ್ದೆ? ಅಲ್ಲ. ಆದರೆ ಒಳ್ಳೆಯ ಕೆಲಸದ ನೆವದಿಂದ ಕರ್ತವ್ಯ ತಪ್ಪುವುದು ಎಲ್ಲಕ್ಕಿಂತ ಸುಲಭ. ಅದನ್ನು ಎತ್ತಿ ತೋರಿಸುವುದು ಎಲ್ಲಕ್ಕಿಂತ ಕಠಿಣ. ಲಕ್ಕಮ್ಮನವರ ವಚನಾಂಕಿತವನ್ನೂ ಗಮನಿಸಿರಿ: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ತಿದ್ದಿದವರ ಅಂಕಿತದೊಳಗೇ ತಿದ್ದಿಸಿಕೊಂಡವರ ಹೆಸರಿದೆ.

ತಿದ್ದಿಸಿಕೊಳ್ಳುವುದೂ ಒಂದು ಸಾಧನೆಯೇ ಸರಿ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಾನು ಊರ ಹಿರಿಯರೊಡನೆ ಜಗುಲಿಯ ಮೇಲೆ ಕುಳಿತು ಇದೇ ಶರಣ ದಂಪತಿಗಳ ಕಥೆಯನ್ನು ವಿಸ್ತರಿಸುತ್ತಿದ್ದೆ. ಹದಿಮೂರು ವರ್ಷದ ವಿದ್ಯಾರ್ಥಿಯೊಬ್ಬನು ಬಾಗಿಲಲ್ಲಿ ನಿಂತು, ‘ಗುರುಗಳೆ, ಪಾಠದ ಹೊತ್ತು ಮೀರಿತು’ ಎಂದನು. ನನಗೆ ಮೊದಲು ಬಂದದ್ದು ಕೋಪ. ಹಿರಿಯರು ಮುಗುಳ್ನಕ್ಕರು, ಅದರಿಂದ ಅದು ಇನ್ನೂ ಹೆಚ್ಚಿತು. ‘ಹೋಗು, ಬರುತ್ತೇನೆ’ ಎಂದು ಗದರಿ ಕಳಿಸಿದೆ. ಮಾತನ್ನು ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಅವನು ಚಿಕ್ಕ ಹುಡುಗರನ್ನು ಸಾಲಾಗಿ ಕೂರಿಸಿ ಕಾಗುಣಿತ ಹೇಳಿಸುತ್ತಿದ್ದನು. ನನ್ನನ್ನು ಕಂಡು ಎದ್ದು ತನ್ನ ಸ್ಥಳಕ್ಕೆ ಹೋಗಿ ಕುಳಿತನು.