ದೊಡ್ಡ ಸಾಮಾನುಪಟ್ಟಿಯ ಜಾಲತಾಣ

ವಿದ್ಯುನ್ಮಾನ ಬಿಡಿಭಾಗಗಳನ್ನು ಮಾರುವ ಅಂಗಡಿಯೊಂದಕ್ಕೆ ಜಾಲತಾಣವನ್ನು ರಚಿಸಿಕೊಡಲು ಒಬ್ಬ ವಿದ್ಯಾರ್ಥಿಯು ಹೊರಟನೆಂದು ಭಾವಿಸೋಣ. ಸಾಮಾನ್ಯವಾಗಿ ಆತನು ಮೊದಲು ಪುಟದ ಬಣ್ಣವನ್ನೂ ಚಿತ್ರಗಳ ಜೋಡಣೆಯನ್ನೂ ಕುರಿತು ಯೋಚಿಸುತ್ತಾನೆ. ಹತ್ತಿಪ್ಪತ್ತು ವಸ್ತುಗಳಿರುವ ತನಕ ಇದರಿಂದ ಬಾಧಕವಿಲ್ಲ. ವಸ್ತುಗಳ ಸಂಖ್ಯೆಯು ಲಕ್ಷವನ್ನು ಮುಟ್ಟಿತೆಂದರೆ, ಕಣ್ಣಿಗೆ ಕಾಣದ ಭಾಗವೇ ತಾಣದ ಅಳಿವು ಉಳಿವುಗಳನ್ನು ನಿರ್ಣಯಿಸುತ್ತದೆ. ಆ ಭಾಗವನ್ನೇ ನಾವಿಲ್ಲಿ ಪರಿಶೀಲಿಸೋಣ.

ಲಕ್ಷವೆಂಬುದು ಅತಿಶಯೋಕ್ತಿಯಲ್ಲ. ರೋಧಕಗಳನ್ನೇ ತೆಗೆದುಕೊಳ್ಳಿ. ಇ-24 ಶ್ರೇಣಿಯಲ್ಲಿ ಪ್ರತಿ ಹತ್ತುಪಟ್ಟಿಗೆ 24 ಮೌಲ್ಯಗಳಿವೆ. (ಭೌತಶಾಸ್ತ್ರದಲ್ಲಿ ಇವನ್ನು ‘ಬೆಲೆ’ ಎನ್ನುವ ರೂಢಿಯುಂಟು, ಅಂಗಡಿಯ ವಿಷಯದಲ್ಲಿ ಆ ಶಬ್ದವು ಗೊಂದಲಕ್ಕೆ ಎಡೆಗೊಟ್ಟೀತು.) 10 ಓಮ್‌ನಿಂದ ಒಂದು ಕೋಟಿ ಓಮ್‌ವರೆಗೆ ಆರು ಹತ್ತುಪಟ್ಟುಗಳು, ಆದುದರಿಂದ 144 ಮೌಲ್ಯಗಳು. ನಾಲ್ಕು ಬಗೆಯ ವಾಟ್‌ಗಳು, ಐವರು ತಯಾರಕರು ಎಂದಿಟ್ಟುಕೊಂಡರೆ ರೋಧಕಗಳೇ 2,880 ಆದುವು!

ಇನ್ನು ಮೌಲ್ಯವನ್ನು ಬರೆದಿಡುವ ಕ್ರಮ. ಒಂದೇ ರೋಧಕವನ್ನು ಒಬ್ಬ ತಯಾರಕನು 4700 ಎಂದೂ ಮತ್ತೊಬ್ಬನು 4.7 ಕಿಲೋ ಓಮ್ ಎಂದೂ ಮೂರನೆಯವನು 4ಕೆ7 ಎಂದೂ ಬರೆಯುತ್ತಾನೆ. ಮನುಷ್ಯನಿಗೆ ಮೂರೂ ಒಂದೇ. ಗಣಕಯಂತ್ರಕ್ಕೆ ಮೂರು ಬೇರೆ ಬೇರೆ. ಸಂಖ್ಯೆಯನ್ನು ಅಕ್ಷರಗಳ ಸಾಲಾಗಿ ಶೇಖರಿಸಿದರಂತೂ 10000 ಎಂಬುದು 470ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ 1 ಎಂಬ ಅಂಕೆಯು 4ಕ್ಕಿಂತ ಮುಂಚಿನದು. ಆದಕಾರಣ ಎಲ್ಲವನ್ನೂ ಮೂಲಮಾನಕ್ಕೆ ಪರಿವರ್ತಿಸಿ, ಸಂಖ್ಯೆಯಾಗಿಯೇ ಇಡತಕ್ಕದ್ದು. ಪ್ರಯೋಗಶಾಲೆಯಲ್ಲಿ ನಾವು ಪಾಲಿಸುವ ಶಿಸ್ತೇ ಇಲ್ಲಿಯೂ ಸಲ್ಲುತ್ತದೆ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಡುವುದು ಕ್ಷೇಮ, 0.1 ಎಂಬ ಭಿನ್ನರಾಶಿಯು ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದೇ ಇಲ್ಲ.

ತಯಾರಕನ ವಿಳಾಸವನ್ನು 2,880 ಸಾಲುಗಳಲ್ಲಿಯೂ ಬರೆಯಬೇಕೆ? ಬೇಡ. ಅದು ಒಂದೇ ಕಡೆ ಇದ್ದು, ಉಳಿದೆಡೆ ಆತನ ಕ್ರಮಸಂಖ್ಯೆ ಮಾತ್ರ ಇದ್ದರೆ ಸಾಕು. ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳ ಈ ವಿಚಾರವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದನು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹತ್ತು ಲಕ್ಷ ವಸ್ತುಗಳಲ್ಲಿ ಒಂದನ್ನು ಹುಡುಕುವುದು ಹೇಗೆ? ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ನಿಘಂಟಿನಂತೆ ನಡುವೆ ತೆರೆದು, ಪ್ರತಿಸಲವೂ ಅರ್ಧವನ್ನು ಬಿಡುತ್ತ ಹೋದರೆ 20 ಸಲದಲ್ಲಿ ಸಿಕ್ಕುತ್ತದೆ. ಆದರೆ ಪಟ್ಟಿಯಿರುವುದು ತಿರುಗುವ ತಟ್ಟೆಯ ಮೇಲೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗವು ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಬೇಕು. ಓದುವ ತೋಳು ಸರಿಯಲು 8 ಎಂದಿಟ್ಟುಕೊಂಡರೆ ಒಟ್ಟು 12. ಇಪ್ಪತ್ತು ಸಲಕ್ಕೆ 240 ಮಿಲಿಸೆಕೆಂಡು. ಒಬ್ಬ ಗಿರಾಕಿಗೆ ಇದು ಗೊತ್ತಾಗದು. ಒಂದು ಸೆಕೆಂಡಿನಲ್ಲಿ ಐವತ್ತು ಜನ ಕೇಳಿದರೋ, 12 ಸೆಕೆಂಡುಗಳ ಕೆಲಸ ಬಂದು ಬೀಳುತ್ತದೆ. ಸರದಿಯು ಬೆಳೆಯುತ್ತಲೇ ಹೋಗುತ್ತದೆ.

ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಇದಕ್ಕೆ ಸೂಚಿಸಿದ ಪರಿಹಾರವು 1972ರಲ್ಲಿ ಪ್ರಕಟವಾಯಿತು. ಅದರ ಹೆಸರು ಬಿ-ಟ್ರೀ. ಎರಡು ಕವಲುಗಳ ಬದಲು, ಸೂಚಿಯ ಪ್ರತಿ ಪುಟದಲ್ಲಿಯೂ ನೂರು ಕವಲುಗಳಿವೆಯೆನ್ನೋಣ. ನೂರು, ನೂರರ ನೂರು, ಅದರ ನೂರು. ಮೂರೇ ಅಂತಸ್ತುಗಳಲ್ಲಿ ಹತ್ತು ಲಕ್ಷ ಮುಗಿಯಿತು. ಮೇಲಿನ ಎರಡು ಅಂತಸ್ತುಗಳಲ್ಲಿರುವುವು 101 ಪುಟಗಳು ಮಾತ್ರ. ಅವನ್ನು ಯಂತ್ರದ ಒಳನೆನಪಿನಲ್ಲಿಯೇ ಇರಿಸಿಕೊಳ್ಳಬಹುದು. ಆಗ ಸೂಚಿಗಾಗಿ ತಟ್ಟೆಯಿಂದ ಓದಬೇಕಾದುದು ಒಂದೇ ಪುಟ. ಐವತ್ತು ಜನರ ಹುಡುಕಾಟವು 0.6 ಸೆಕೆಂಡಿನಲ್ಲಿ ತೀರುತ್ತದೆ. ತಿರುಗುವ ತಟ್ಟೆಯಿಲ್ಲದ ಇಂದಿನ ಸಂಗ್ರಾಹಕಗಳಲ್ಲಿ ಈ ಕಾಲವು ಇನ್ನೂ ಬಹಳ ಕಡಿಮೆ. ಆದರೂ ಪುಟಪುಟವಾಗಿ ಓದುವ ಕ್ರಮವು ಹೋಗಿಲ್ಲ.

ಹಾಗೆಂದು ಪ್ರತಿಯೊಂದು ಗುಣಕ್ಕೂ ಸೂಚಿಯನ್ನು ಕಟ್ಟುವುದು ಅವಿವೇಕ. ದರವು ಬದಲಾದಾಗಲೆಲ್ಲ ದರದ ಸೂಚಿಯನ್ನೂ ತಿದ್ದಬೇಕಾಗುತ್ತದೆ. ಗಿರಾಕಿಗಳು ಯಾವುದನ್ನು ಹಿಡಿದು ಹುಡುಕುವರೋ ಅದಕ್ಕಷ್ಟೇ ಸೂಚಿಯಿರಲಿ.

ನಿಜವಾದ ಸಾಮಾನುಗಳನ್ನು ತುಂಬುವ ಮುನ್ನ ಒಂದು ಲಕ್ಷ ಕೃತಕ ಸಾಲುಗಳನ್ನು ತುಂಬಿ, ಹುಡುಕಲು ತಗಲುವ ಕಾಲವನ್ನು ಅಳೆದು ನೋಡುವುದು ಲೇಸು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎಂಬ ಉಚಿತ ತಂತ್ರಾಂಶಗಳೆರಡರಲ್ಲಿಯೂ ‘ಎಕ್ಸ್‌ಪ್ಲೇನ್’ ಎಂಬ ಆಜ್ಞೆಯನ್ನಿತ್ತರೆ, ಯಂತ್ರವು ಸೂಚಿಯನ್ನು ಬಳಸುವುದೋ ಅಥವಾ ಪಟ್ಟಿಯನ್ನೆಲ್ಲ ಜಾಲಾಡುವುದೋ ಎಂಬುದು ತೆರೆಯ ಮೇಲೆ ಮೂಡುತ್ತದೆ.